ಅಣ್ಣನ ರೋಗಕ್ಕೆ ಹನ್ನೊಂದು ಕಂಪ್ಯೂಟರು

ಯೋಗೀಶನ ಅಂಗಡಿಯಲ್ಲಿ ಗಿರಾಕಿಗಳಿಗೆ ಕೂರಲಿಕ್ಕೆ ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಯಾವಾಗಲೂ ಅವನ ಅಣ್ಣ ಜಯ ಕೂತಿರುತ್ತಿದ್ದ. ಹಾಗಾಗಿ ನಾವೆಲ್ಲ ನಿಂತೇ ಮಾತಾಡಿ ಬರುತ್ತಿದ್ದೆವು. ಮಂಗಳೂರಿನ ಪಡೀಲಿನಲ್ಲಿ ರೈಲ್ವೆ ಅಂಡರ್‌ಪಾಸ್ ದಾಟಿ ಬಂಟ್ವಾಳದ ಕಡೆಗೆ ಸ್ವಲ್ಪ ಬಂದರೆ ಎಡಕ್ಕೆ ಒಂದು ಹಳೆಯ ಕಾಂಪ್ಲೆಕ್ಸು; ಕೋಳಿ ಅಂಗಡಿ, ಟೈಲರ್ ಅಂಗಡಿ, ಕೊನೆಯಲ್ಲಿ ಇವನ ಕಂಪ್ಯೂಟರ್ ರಿಪೇರಿ. ನಾನು ಹತ್ತಿರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಶಾಲೆಯ ಕಂಪ್ಯೂಟರುಗಳು ಕೆಟ್ಟಾಗ ಆಟೋದಲ್ಲಿ ಹಾಕಿಕೊಂಡು ಅವನಲ್ಲಿಗೇ ತರುತ್ತಿದ್ದೆ. ಹಾಗೆ ಹನ್ನೆರಡು ವರ್ಷದ ಪರಿಚಯ.

ಯೋಗೀಶ ಮಾತು ಕಡಿಮೆಯವನು. ಕೆಲಸ ಮಾತ್ರ ನೋಡಬೇಕು. ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗವನ್ನು ಚಿಮಟದಲ್ಲಿ ಹಿಡಿದು ಉಸಿರು ಬಿಗಿ ಹಿಡಿದು ಬೆಸುಗೆ ಹಾಕುವಾಗ ಅವನ ಕೈ ಒಂದು ಚೂರೂ ಅಲುಗುತ್ತಿರಲಿಲ್ಲ. ಬೇರೆ ಅಂಗಡಿಯವರು ಬಿಸಾಡಿ ಎಂದದ್ದನ್ನು ಇವನು ಎರಡು ದಿನ ಇಟ್ಟುಕೊಂಡು ಸರಿ ಮಾಡಿ ಕೊಡುತ್ತಿದ್ದ.

ಅಣ್ಣ ಜಯ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಕಾಟಿಪಳ್ಳಕ್ಕೆ ಓಡುವ ಸಿಟಿ ಬಸ್ಸು ಬಿಟ್ಟವನು. ಮದುವೆಯಾಗಿರಲಿಲ್ಲ, ತಮ್ಮನ ಮನೆಯಲ್ಲೇ ಇದ್ದ. ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೆ ನಲವತ್ತೈದು ದಾಟುತ್ತಿದ್ದ ಹಾಗೆ ಅವನ ಕಾಲು ತನ್ನಷ್ಟಕ್ಕೆ ಹಾರಲಿಕ್ಕೆ ಶುರುವಾಯಿತು. ಕ್ಲಚ್ಚಿನ ಮೇಲಿಟ್ಟ ಪಾದ ಅವನು ಹೇಳದೆಯೇ ಎದ್ದುಬಿಡುತ್ತಿತ್ತು. ಒಂದು ದಿನ ಸ್ಟಾಪಿನಲ್ಲಿ ಜನ ಇಳಿಯುತ್ತಿದ್ದಾಗ ಬಸ್ಸು ನೆಗೆದು ಒಬ್ಬ ಅಜ್ಜಿ ಬಿದ್ದರು. ದೊಡ್ಡ ಪೆಟ್ಟಾಗಲಿಲ್ಲ. ಪ್ಯಾಸೆಂಜರುಗಳು ಬಂದು ಜಯನ ಬಾಯಿ ಮೂಸಿ ನೋಡಿದರು. ವಾಸನೆ ಬರಲಿಲ್ಲ, ಆದರೂ ಯಾರೂ ನಂಬಲಿಲ್ಲ. ಬಸ್ಸಿನ ಯಜಮಾನ "ಸ್ವಲ್ಪ ದಿನ ರಜೆ ಮಾಡು ಜಯ" ಎಂದದ್ದೇ ಕೊನೆ.

ಆಮೇಲೆ ನಡಿಗೆಯೂ ಓಲಾಡತೊಡಗಿತು. ಒಂದು ಮಧ್ಯಾಹ್ನ ಅವನು ಪ್ಯಾಸೆಂಜರಾಗಿ ಹತ್ತಿದ ಬಸ್ಸಿನಿಂದ ಕಂಡಕ್ಟರ್ ಅವನನ್ನು ನಂತೂರಿನಲ್ಲಿ ಇಳಿಸಿಬಿಟ್ಟ. "ಕುಡಿದವರಿಗೆ ಸೀಟಿಲ್ಲ" ಎಂದ. ಆ ಕಂಡಕ್ಟರಿಗೆ ಕೆಲಸ ಕಲಿಸಿದ್ದು ಜಯನೇ. ಅವನು ಬಿಸಿಲಿನಲ್ಲಿ ನಡೆದೇ ಪಡೀಲಿಗೆ ಬಂದ, ದಾರಿಯಲ್ಲಿ ಎರಡು ಸಲ ಬಿದ್ದ. ಮೊಣಕೈಯ ಚರ್ಮ ಕಿತ್ತು ರಕ್ತ ಸುರಿಯುತ್ತಾ ಅಂಗಡಿಗೆ ಬಂದವನನ್ನು ಯೋಗೀಶ ಆ ಸ್ಟೂಲಿನ ಮೇಲೆ ಕೂರಿಸಿ ಗಾಯ ತೊಳೆದ. ಅಲ್ಲಿಂದ ಮುಂದೆ ಜಯ ಹಗಲೆಲ್ಲ ಅಂಗಡಿಯಲ್ಲೇ. ಮನೆಯಲ್ಲಿ ಒಬ್ಬನನ್ನೇ ಬಿಡುವ ಹಾಗಿರಲಿಲ್ಲ. ಯೋಗೀಶನ ಹೆಂಡತಿ ಸುಗಂಧಿ ಹಂಪನಕಟ್ಟೆಯ ಬಟ್ಟೆ ಮಳಿಗೆಯಲ್ಲಿ ಕೆಲಸಕ್ಕೆ ಹೋಗುವವಳು. ಮಗಳು ನಿರೀಕ್ಷಾ ಆಗಷ್ಟೇ ಪಿಯುಸಿ ಸೇರಿದ್ದಳು.

ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ನರರೋಗದ ಡಾಕ್ಟರು, ಇನ್ನೂ ಸಣ್ಣ ಪ್ರಾಯದ ಹೆಂಗಸು, ಜಯನನ್ನು ಅರ್ಧ ಗಂಟೆ ನಡೆಸಿ, ಕೂರಿಸಿ, ನಾಲಿಗೆ ಹೊರಗೆ ಚಾಚಿಸಿ ನೋಡಿದರು. ಆಮೇಲೆ ಯೋಗೀಶನನ್ನು ಕೇಳಿದರು, "ನಿಮ್ಮ ತಂದೆ ತಾಯಿಯಲ್ಲಿ ಯಾರಿಗಾದರೂ ಹೀಗೆ ಇತ್ತಾ?"

ಯೋಗೀಶ ತಾಯಿಯ ವಿಷಯ ಹೇಳಿದನಂತೆ. ಅವರ ತಾಯಿ, ಬಾಗಿ ಎಂದು ಹೆಸರು, ಅವನು ಹದಿನೇಳು ವರ್ಷದವನಿದ್ದಾಗ ತೀರಿಹೋಗಿದ್ದರು. ಕೊನೆಯ ಮೂರು ವರ್ಷ ಅವರ ಕೈಕಾಲು ಒಂದು ಕಡೆ ನಿಂತದ್ದಿಲ್ಲ. ನರದ ವೀಕ್‌ನೆಸ್ ಎಂದವರಿದ್ದರು, ದೈವದ ಉಪದ್ರ ಎಂದವರೂ ಇದ್ದರು. ಮಂಚದಿಂದ ಬೀಳದ ಹಾಗೆ ಅವರದ್ದೇ ಹಳೆಯ ಸೀರೆಯಲ್ಲಿ ಸೊಂಟ ಕಟ್ಟಿಹಾಕುತ್ತಿದ್ದರು. ಕಟ್ಟುತ್ತಿದ್ದದ್ದು ಯೋಗೀಶ, ಗಂಟು ಗಟ್ಟಿ ಹಾಕಲಿಕ್ಕೆ ಅವನಿಗೇ ಬರುತ್ತಿತ್ತು.

ರಕ್ತ ಪರೀಕ್ಷೆಯಾಗಿ ಬಂದಾಗ ಡಾಕ್ಟರು ರೋಗದ ಹೆಸರು ಹೇಳಿದರು: ಹಂಟಿಂಗ್ಟನ್. ಒಂದು ಕಾಗದದ ಮೇಲೆ ತಾಯಿಯನ್ನೂ ಮಕ್ಕಳನ್ನೂ ಗೆರೆ ಹಾಕಿ ತೋರಿಸಿದರು. ತಾಯಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಬಂದವರ ಮಕ್ಕಳಿಗೂ ಅರ್ಧಕ್ಕರ್ಧ. ನಿಧಾನಕ್ಕೆ ಮಾತು, ನುಂಗುವುದು, ನೆನಪು, ಎಲ್ಲ ಹೋಗುತ್ತದೆ. ಅಲುಗಾಟ ಕಡಿಮೆ ಮಾಡುವ ಮಾತ್ರೆಗಳುಂಟು, ರೋಗವನ್ನು ತಡೆಯುವ ಮದ್ದು ಇಲ್ಲ. "ನೀವು ಬೇಕಾದರೆ ಟೆಸ್ಟ್ ಮಾಡಿಸಿಕೊಳ್ಳಬಹುದು," ಎಂದರು ಡಾಕ್ಟರು. ಯೋಗೀಶ ಬೇಡ ಎಂದ. ಆ ಗೆರೆ ಎಳೆದ ಕಾಗದವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು ಅಣ್ಣನನ್ನು ಆಟೋದಲ್ಲಿ ಕರೆತಂದ.

ಆಮೇಲೆ ಅಂಗಡಿಯಲ್ಲಿ ಕೆಲಸವಿಲ್ಲದಾಗಲೆಲ್ಲ ಅವನು ಆ ರೋಗದ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಹುಡುಕುತ್ತಿದ್ದ. ಇಂಗ್ಲಿಷು ಅರ್ಧ ಅರ್ಥವಾಗುತ್ತಿತ್ತು. ಆಗದ್ದನ್ನು ಚೀಟಿಯಲ್ಲಿ ಬರೆದಿಟ್ಟು ನಾನು ಹೋದಾಗ ಕೇಳುತ್ತಿದ್ದ. ಹೀಗೆ ಹುಡುಕುವಾಗಲೇ ಅವನಿಗೆ ಆ ಯೋಜನೆ ಸಿಕ್ಕಿದ್ದು. ಒಂದು ಮಧ್ಯಾಹ್ನ ನಾನು ರಿಪೇರಿಗೆ ಕೊಟ್ಟ ಪ್ರಿಂಟರ್ ಕೇಳಲಿಕ್ಕೆ ಹೋಗಿದ್ದೆ. ಅವನು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡೇ ಇರಲಿಲ್ಲ.

"ಟೀಚರೇ, ನಮ್ಮ ಮೈಯಲ್ಲಿ ಪ್ರೋಟೀನ್ ಅಂತ ಉಂಟಲ್ಲ, ಅದು ದಾರದ ಹಾಗೆ ಹುಟ್ಟಿ ಆಮೇಲೆ ಮಡಚಿಕೊಳ್ತದೆ. ಸರಿ ಮಡಚಿದ್ರೆ ಕೆಲಸ ಮಾಡ್ತದೆ. ಅಣ್ಣನ ರೋಗದಲ್ಲಿ ಒಂದು ಪ್ರೋಟೀನಿನ ತುದಿ ಉದ್ದ ಆಗಿ ತಪ್ಪಾಗಿ ಮಡಚಿ ಮಿದುಳಲ್ಲಿ ಗಂಟು ಕಟ್ತದೆ. ಅದು ಹೇಗೆ ಮಡಚ್ತದೆ ಅಂತ ಲೆಕ್ಕ ಹಾಕ್ಲಿಕ್ಕೆ ವಿಜ್ಞಾನಿಗಳ ಹತ್ರ ಸಾಕಾಗುವಷ್ಟು ಕಂಪ್ಯೂಟರ್ ಇಲ್ಲ. ಅದಕ್ಕೆ ಲೋಕದಲ್ಲಿ ಯಾರ ಮನೆಯಲ್ಲಿ ಕಂಪ್ಯೂಟರ್ ಸುಮ್ಮನೆ ಕೂತಿದೆಯೋ ಅವರ ಹತ್ರ ಕೇಳ್ತಾರೆ. ಲೆಕ್ಕವನ್ನು ತುಂಡು ತುಂಡು ಮಾಡಿ ಕಳಿಸ್ತಾರೆ, ನಾವು ಮಾಡಿ ವಾಪಸ್ ಕಳಿಸ್ಬೇಕು."

"ನಿನ್ನ ಈ ಹಳೇ ಡಬ್ಬಗಳಲ್ಲಿ ಆಗ್ತದಾ?"

"ಡಬ್ಬದಲ್ಲಿ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಆಗ್ತದೆ."

ಗ್ರಾಫಿಕ್ಸ್ ಕಾರ್ಡ್ ಎಂದರೆ ಕಂಪ್ಯೂಟರಿನಲ್ಲಿ ಚಿತ್ರ, ಆಟ ಓಡಿಸುವ ಹಲಗೆ. ಅದು ಒಂದೇ ಹೊತ್ತಿಗೆ ನೂರಾರು ಸಣ್ಣ ಲೆಕ್ಕ ಮಾಡುತ್ತದೆ. ಹತ್ತು ವರ್ಷ ಹಳೆಯ ಆಫೀಸು ಕಂಪ್ಯೂಟರ್ ಆದರೂ ಸರಿ, ಒಂದು ಸಣ್ಣ ಕಾರ್ಡು ಸಿಕ್ಕಿಸಿದರೆ ಅದು ತನ್ನ ಯೋಗ್ಯತೆಗೆ ಮೀರಿದ ಕೆಲಸ ಮಾಡುತ್ತದೆ ಎಂದು ಯೋಗೀಶ ನನಗೆ ವಿವರಿಸಿದ.

ಕಾರ್ಡು ಕೊಡುತ್ತಿದ್ದದ್ದು ಮೊಯ್ದೀನಬ್ಬ. ಊರವರಿಗೆ ಮೊಯ್ದೀನಾಕ. ಪಡೀಲಿನ ಪಕ್ಕದ ಕಣ್ಣೂರಿನಲ್ಲಿ ಅವರ ಗುಜರಿ ಅಂಗಡಿ. ಕಾಲೇಜು, ಆಫೀಸುಗಳು ಬಿಸಾಡಿದ ಕಂಪ್ಯೂಟರೆಲ್ಲ ಕೊನೆಗೆ ಅಲ್ಲಿಗೇ ಬರುತ್ತಿತ್ತು. ಯೋಗೀಶ ವಾರಕ್ಕೊಮ್ಮೆ ಹೋಗಿ ರಾಶಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹುಡುಕುತ್ತಿದ್ದ. ದೊಡ್ಡ ಕಾರ್ಡುಗಳು ಅವನಿಗೆ ಉಪಯೋಗವಿರಲಿಲ್ಲ. ಅವುಗಳಿಗೆ ಬೇರೆಯೇ ಕರೆಂಟಿನ ವಯರು ಬೇಕು, ಹಳೆಯ ಕಂಪ್ಯೂಟರಿಗೆ ಅಷ್ಟು ತಾಕತ್ತಿಲ್ಲ. ತೀರಾ ಹಳೆಯದ್ದನ್ನು ಯೋಜನೆಯವರ ಪ್ರೋಗ್ರಾಮೇ ಒಪ್ಪುತ್ತಿರಲಿಲ್ಲ. ನಡುವಿನದ್ದು, ಅಂಗೈಯಗಲದ್ದು, ಯಾರಿಗೂ ಬೇಡವಾದದ್ದು ಅವನಿಗೆ ಬೇಕು. ಫ್ಯಾನ್ ಮುರಿದದ್ದಕ್ಕೆ ಬೇರೆ ಫ್ಯಾನ್ ಕಟ್ಟುತ್ತಿದ್ದ. ಉಪ್ಪುಗಾಳಿಗೆ ಹಸುರು ಹಿಡಿದ, ಕಾರ್ಡು ಸಿಕ್ಕಿಸುವ ಲೋಹದ ಕಾಲುಗಳನ್ನು ರಬ್ಬರಿನಲ್ಲಿ ಉಜ್ಜುತ್ತಿದ್ದ. ಬಿಸಿ ಇಳಿಸಲು ಹಚ್ಚಿದ, ಒಣಗಿಹೋದ ಪೇಸ್ಟು ಕೆರೆದು ಹೊಸತು ಹಚ್ಚುತ್ತಿದ್ದ. ಹೀಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೊದಲು ಎರಡು, ಮತ್ತೆ ಐದು, ಕೊನೆಗೆ ಹನ್ನೊಂದು ಕಂಪ್ಯೂಟರುಗಳು ಸಾಲಾಗಿ ನಿಂತವು. ಮಾನಿಟರಿಲ್ಲ, ಪಕ್ಕದ ತಗಡಿಲ್ಲ. ಬರೀ ಸದ್ದು ಮತ್ತು ಸೆಕೆ.

ಪ್ರತಿ ತುಂಡು ಲೆಕ್ಕಕ್ಕೂ ಒಂದು ಗಡುವು ಇರುತ್ತದೆ. ಅಷ್ಟು ದಿನದೊಳಗೆ ಮುಗಿಸದಿದ್ದರೆ ಅದನ್ನು ಬೇರೆ ದೇಶದ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ, ನಾವು ಮಾಡಿದ್ದು ದಂಡ. ಯೋಗೀಶನಿಗೆ ಇದೇ ಒಂದು ಚಿಂತೆಯಾಯಿತು. ಕರೆಂಟು ಹೋದರೆ ಮುಖ ಬಿಳಿಚುತ್ತಿತ್ತು. ಮೇ ತಿಂಗಳ ಗುಡುಗು ಮಳೆಗೆ ಎರಡು ಕಾರ್ಡು ಸುಟ್ಟುಹೋದಾಗ ಅವನು ಗಿರಾಕಿಗಳ ಕೆಲಸ ಬಿಟ್ಟು ಮೂರು ದಿನ ಅವುಗಳ ಹಿಂದೆಯೇ ಬಿದ್ದ. ಕರೆಂಟ್ ಬಿಲ್ಲಿನ ವಿಷಯಕ್ಕೆ ಸುಗಂಧಿ ಜಗಳವಾಡಿದಳು. "ಭಾವನಿಗೆ ಇದರಿಂದ ಎಂತ ಆಗ್ತದೆ ಹೇಳಿ," ಎಂದು ಅವಳು ನನ್ನನ್ನೇ ಕೇಳಿದ್ದಳು.

ಜಯನಿಗೆ ಮಾತ್ರ ಅದು ತನ್ನ ಕೆಲಸ ಎಂಬ ಹಾಗೆ ಆಗಿತ್ತು. ಸ್ಟೂಲಿನಲ್ಲಿ ಕೂತು ಕೈಕಾಲು ಹಾರಿಸುತ್ತಾ ಆ ಸದ್ದು ಕೇಳುತ್ತಿದ್ದ. ಯಾವುದಾದರೂ ಫ್ಯಾನು ನಿಂತರೆ ತಮ್ಮನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷ ಇಂಜಿನ್ನಿನ ಸದ್ದು ಕೇಳಿದವನಲ್ಲವೇ. "ಮೂರನೇದು... ನಿಂತಿತು," ಎನ್ನುತ್ತಿದ್ದ, ತೊದಲುತ್ತಾ. ಯೋಗೀಶ ಓಡುತ್ತಿದ್ದ.

ಹದಿನಾಲ್ಕು ತಿಂಗಳು ಹೀಗೆ ಓಡಿತು. ಆಗ ಜಯನಿಗೆ ನುಂಗುವುದು ಕಷ್ಟವಾಗತೊಡಗಿತು. ನೀರು ಕುಡಿದರೂ ಕೆಮ್ಮು. ಗಂಜಿಯನ್ನು ಮಿಕ್ಸಿಗೆ ಹಾಕಿ ಚಮಚದಲ್ಲಿ ಕೊಡಬೇಕು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಯೋಗೀಶ ನನ್ನನ್ನು ಕರೆದು, "ಒಂದು ಲೆಟರ್ ಬರೆದುಕೊಡ್ಬೇಕು ಟೀಚರೇ, ಅವರಿಗೆ, ಆ ವಿಜ್ಞಾನಿಗಳಿಗೆ," ಎಂದ. ಅವನು ಕನ್ನಡದಲ್ಲಿ ಹೇಳಿದ, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಅವನು ಹೇಳಿದ್ದು ಇಷ್ಟು: ನಾನು ಇಂಡಿಯಾದ ಮಂಗಳೂರಿನವನು. ನನ್ನ ಹನ್ನೊಂದು ಕಂಪ್ಯೂಟರ್ ನಿಮಗೆ ಕೆಲಸ ಮಾಡ್ತಾ ಉಂಟು. ಹಂಟಿಂಗ್ಟನ್ ರೋಗಕ್ಕೇ ಕೊಡಿ ಅಂತ ಆಯ್ಕೆ ಹಾಕಿದ್ದೇನೆ. ನನ್ನ ಅಣ್ಣನಿಗೆ ಈಗ ನುಂಗ್ಲಿಕ್ಕೆ ಆಗುವುದಿಲ್ಲ. ನಿಮಗೆ ಇನ್ನು ಎಷ್ಟು ಸಮಯ ಬೇಕು? ನಾನು ಇನ್ನೂ ಕಾರ್ಡ್ ಹಾಕಬಹುದು. ಎಷ್ಟು ಹಾಕಿದರೆ ಬೇಗ ಆಗ್ತದೆ, ಹೇಳಿ.

ಕೊನೆಯ ಸಾಲನ್ನು ಸ್ವಲ್ಪ ಬದಲಿಸೋಣವೇ ಎಂದು ನಾನು ಕೇಳಿದೆ. ಬೇಡ, ಅದೇ ಮುಖ್ಯ ಎಂದ.

ಹತ್ತೊಂಬತ್ತು ದಿನದ ಮೇಲೆ ಉತ್ತರ ಬಂತು. ಬರೆದವರು ಒಬ್ಬ ಸಂಶೋಧಕಿ. ನಾನು ಅಂಗಡಿಗೆ ಹೋಗಿ ಅವನ ಪಕ್ಕದಲ್ಲಿ ನಿಂತು, ಫ್ಯಾನುಗಳ ಸದ್ದಿನಲ್ಲಿ ಜಯನಿಗೆ ಕೇಳಿಸದ ಹಾಗೆ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಆಕೆ ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ನಿಮ್ಮ ಕಂಪ್ಯೂಟರುಗಳು ಈವರೆಗೆ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ತುಂಡು ಲೆಕ್ಕ ಮುಗಿಸಿವೆ. ಅದರಲ್ಲಿ ನಿಮ್ಮ ಅಣ್ಣನ ರೋಗಕ್ಕೆ ಸಂಬಂಧಿಸಿದ್ದು ಮೂವತ್ತೊಂದು. ನೀವು ಆಯ್ಕೆ ಹಾಕಿದರೂ ಆ ರೋಗದ ಕೆಲಸ ಇಲ್ಲದಾಗ ಬೇರೆಯದನ್ನು ಕಳಿಸುತ್ತೇವೆ. ಆ ಅಧ್ಯಯನ ಮಾಡುತ್ತಿದ್ದ ವಿದ್ಯಾರ್ಥಿ ಓದು ಮುಗಿಸಿ ಹೋಗಿದ್ದಾನೆ, ಈಗ ಅದರ ಕೆಲಸ ನಡೆಯುತ್ತಿಲ್ಲ. ನಡೆದಾಗಲೂ ಇದರಿಂದ ಮದ್ದಿಗೆ ಹೋಗುವ ದಾರಿ ಬಹಳ ವರ್ಷಗಳದ್ದು. ಹೆಚ್ಚು ಕಾರ್ಡು ಹಾಕಿದರೆ ಬೇಗ ಆಗುತ್ತದೆ ಎಂದು ನಾನು ನಿಮಗೆ ಹೇಳಲಾರೆ. ನಿಮ್ಮ ಅಣ್ಣನ ಬಗ್ಗೆ ಓದಿ ದುಃಖವಾಯಿತು.

"ಇನ್ನೊಮ್ಮೆ ಓದಿ," ಎಂದ. ಓದಿದೆ.

"ಮೂವತ್ತೊಂದಾ?"

"ಹೌದು."

"ಉಳಿದದ್ದೆಲ್ಲ ಯಾರದ್ದು?"

"ಬೇರೆ ರೋಗಗಳದ್ದು. ಕ್ಯಾನ್ಸರು, ಹೃದಯದ್ದು, ಹೀಗೆ."

ಯೋಗೀಶ ಎದ್ದು ಹಿಂದಿನ ಕೋಣೆಗೆ ಹೋಗಿ ಆ ಕೋಣೆಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಹನ್ನೊಂದು ಕಂಪ್ಯೂಟರಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ರಸ್ತೆಯ ಲಾರಿಗಳ ಸದ್ದು ಒಮ್ಮೆಲೇ ಒಳಗೆ ಬಂತು. ಸ್ಟೂಲಿನ ಮೇಲಿದ್ದ ಜಯ ಕತ್ತು ತಿರುಗಿಸಿದ.

"ಯಾಕೆ... ನಿಲ್ಲಿಸಿದ್ದು?"

"ಕರೆಂಟ್ ಹೋಯ್ತಣ್ಣ."

ಜಯನಿಗೆ ಕೈ ಎತ್ತಿ ಒಂದು ಕಡೆ ತೋರಿಸುವುದು ಸುಲಭವಿರಲಿಲ್ಲ. ಕೈ ಎಲ್ಲೆಲ್ಲೋ ಹಾರಿ ಕೊನೆಗೆ ಮೇಲಕ್ಕೆ ಹೋಯಿತು. ಅಂಗಡಿಯ ಸೀಲಿಂಗ್ ಫ್ಯಾನು ತಿರುಗುತ್ತಲೇ ಇತ್ತು.

ಯೋಗೀಶ ಅಣ್ಣನ ಮುಖ ನೋಡಲಿಲ್ಲ. ಕೋಣೆಗೆ ಹೋಗಿ ಸ್ವಿಚ್ಚನ್ನು ಮತ್ತೆ ಮೇಲೆ ಮಾಡಿದ, ಒಂದೊಂದೇ ಕಂಪ್ಯೂಟರನ್ನು ಶುರು ಮಾಡಿದ. ಹನ್ನೊಂದೂ ಓಡತೊಡಗುವವರೆಗೆ ಜಯ ಅತ್ತ ಕಡೆಯೇ ನೋಡುತ್ತಿದ್ದ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ಆ ಉತ್ತರದ ವಿಷಯ ಜಯನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ವರ್ಷದ ಜುಲೈಯಲ್ಲಿ ಗಂಜಿ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ. ಕೊನೆಕೊನೆಗೆ ಅವನ ಕೈಕಾಲು ಅಲುಗುವುದು ನಿಂತಿತು, ಅದನ್ನು ಕಂಡು ಸುಗಂಧಿ ಗುಣವಾಗುತ್ತಿದೆ ಎಂದು ತಿಳಿದಳಂತೆ. ಐವತ್ತೆರಡು ವರ್ಷಕ್ಕೆ ಜಯ ಹೋದ. ನಂದಿಗುಡ್ಡೆಯ ಸ್ಮಶಾನಕ್ಕೆ ಒಯ್ಯುವಾಗ ಬಂದವರಲ್ಲಿ ಹಳೆಯ ಬಸ್ಸಿನವರು ಎಂಟು ಹತ್ತು ಜನ ಇದ್ದರು. ನಂತೂರಿನಲ್ಲಿ ಇಳಿಸಿದ ಆ ಕಂಡಕ್ಟರೂ ಬಂದಿದ್ದ. ಯೋಗೀಶ ಅವನ ಹತ್ತಿರ ಹೋಗಿ ಏನೋ ಹೇಳುತ್ತಾನೆಂದು ನಾನು ಹೆದರಿದ್ದೆ. ಅವನು ಬರೇ, "ಅಣ್ಣ ಕುಡಿಯುತ್ತಿರಲಿಲ್ಲ ಮಾರಾಯ," ಎಂದ. ಆ ಮನುಷ್ಯ ತಲೆ ತಗ್ಗಿಸಿ ನಿಂತ.

ಮುಂದಿನದ್ದನ್ನು ನನಗೆ ಹೇಳಿದ್ದು ನಿರೀಕ್ಷಾ. ಅವಳಾಗ ವಾಮಂಜೂರಿನ ಕಾಲೇಜಿನಲ್ಲಿ ಬಿಎಸ್ಸಿ ಎರಡನೇ ವರ್ಷ. ದೊಡ್ಡಪ್ಪ ಹೋದ ಮೇಲೆ ಅಪ್ಪ ಒಬ್ಬನೇ ಇರುತ್ತಾನೆಂದು ಕ್ಲಾಸು ಮುಗಿಸಿ ನೇರ ಅಂಗಡಿಗೆ ಬರುತ್ತಿದ್ದಳು. ಒಂದು ಸಂಜೆ ಅವನು ಯಾರದ್ದೋ ಲ್ಯಾಪ್‌ಟಾಪಿಗೆ ತಳದ ಸ್ಕ್ರೂ ಹಾಕುತ್ತಿದ್ದ. ಸ್ಕ್ರೂ ಕೈಯಿಂದ ಜಾರಿ ಬಿತ್ತು. ಹುಡುಕಿ ಮತ್ತೆ ಇಟ್ಟ, ಮತ್ತೆ ಬಿತ್ತು. ಮೂರನೆಯ ಸಲ ಬಿದ್ದಾಗ ಅವನು ಬಗ್ಗಿ ಹುಡುಕಲಿಲ್ಲ. ಮಗಳು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಗಿತ್ತು.

ಒಂದು ವಾರ ಅವಳು ಅವನ ಕೈಯನ್ನೇ ಗಮನಿಸಿದಳು. ಊಟಕ್ಕೆ ಕೂತಾಗ, ಬೈಕ್ ಸ್ಟ್ಯಾಂಡ್ ಹಾಕುವಾಗ, ಅಂಗಿಯ ಗುಂಡಿ ಹಾಕುವಾಗ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಸುಗಂಧಿ ಎದುರಿಗೇ ಇದ್ದಾಗ, ಕೇಳಿದಳು.

"ಪಪ್ಪ, ಟೆಸ್ಟ್ ಮಾಡಿಸ್ತೀರಾ?"

"ಎಂತಕ್ಕೆ? ಮದ್ದಿಲ್ಲದ್ದು ಗೊತ್ತಾಗಿ ಎಂತ ಮಾಡುವುದು?"

"ನೀವು ಮಾಡಿಸದಿದ್ರೆ ನಾನು ಮಾಡಿಸ್ತೇನೆ. ನನಗೆ ಹತ್ತೊಂಬತ್ತು ಆಯ್ತು, ಯಾರ ಸಹಿಯೂ ಬೇಡ. ನನಗೆ ಉಂಟು ಅಂತ ಬಂದ್ರೆ ಅದು ನಿಮ್ಮಿಂದಲೇ ಬಂದದ್ದು. ನಿಮ್ಮದೂ ನನ್ನದೂ ಒಂದೇ ದಿನ ಗೊತ್ತಾಗ್ತದೆ. ಹಾಗೆ ಆಗ್ಬೇಕಾ?"

ಸುಗಂಧಿ ಅಳಲಿಕ್ಕೆ ಶುರು ಮಾಡಿದಳು. ಯೋಗೀಶ ಮಗಳಿಗೆ ಹೊಡೆಯಲಿಕ್ಕೆ ಕೈ ಎತ್ತಿದ. ಅವಳು ಹುಟ್ಟಿದ ಮೇಲೆ ಒಂದು ದಿನವೂ ಹೊಡೆದವನಲ್ಲ. ಎತ್ತಿದ ಕೈ ಗಾಳಿಯಲ್ಲಿ ನಡುಗಿತು. ಅದು ಸಿಟ್ಟಿನ ನಡುಕವೋ ಇನ್ನೊಂದೋ ಮೂವರಿಗೂ ಗೊತ್ತಾಗಲಿಲ್ಲ. ಕೈ ಕೆಳಗಿಳಿಸಿ, "ನಾಡಿದ್ದು ಹೋಗುವ," ಎಂದ.

ಪರೀಕ್ಷೆ ಒಂದೇ ದಿನದ್ದಲ್ಲ. ಮೊದಲು ಮಾತುಕತೆ, ನಿಜವಾಗಿ ತಿಳಿಯಬೇಕೇ ಎಂದು ಎರಡು ಮೂರು ಸಲ ಕೇಳುವುದು, ಆಮೇಲೆ ರಕ್ತ, ಆಮೇಲೆ ವಾರಗಟ್ಟಲೆ ಕಾಯುವುದು. ಆ ಕಾಯುವ ದಿನಗಳಲ್ಲಿ ನಾನು ಅಂಗಡಿಗೆ ಹೋದರೆ ಅವನು ನನ್ನ ಜೊತೆ ಮಳೆಯ ಬಗ್ಗೆ, ರಸ್ತೆ ಅಗೆದದ್ದರ ಬಗ್ಗೆ ಮಾತಾಡುತ್ತಿದ್ದ. ಹಿಂದಿನ ಕೋಣೆ ಸದ್ದಿಲ್ಲದೆ ಇತ್ತು. ಅಣ್ಣ ಹೋದ ಮಾರನೇ ದಿನವೇ ಎಲ್ಲವನ್ನೂ ಆಫ್ ಮಾಡಿದ್ದ.

ವರದಿ ಸಿಕ್ಕಿದ ದಿನ ಸಂಜೆ ಅವನು ನನ್ನ ಮನೆಗೆ ಬಂದ. ಅದುವರೆಗೆ ಮನೆಗೆ ಬಂದವನಲ್ಲ. ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ಜಗಲಿಯ ಮೆಟ್ಟಿಲಲ್ಲೇ ನಿಂತ.

"ಟೀಚರೇ, ನಲವತ್ಮೂರು."

ನನಗೆ ಅರ್ಥವಾಗಲಿಲ್ಲ. ಅವನೇ ಹೇಳಿದ. ಆ ರೋಗದ ಜೀನಿನಲ್ಲಿ ಒಂದು ಅಕ್ಷರಗುಚ್ಛ ಮತ್ತೆ ಮತ್ತೆ ಬರುತ್ತದಂತೆ. ಮೂವತ್ತಾರರ ಕೆಳಗೆ ಇದ್ದರೆ ಭಯವಿಲ್ಲ. ನಲವತ್ತು ಮುಟ್ಟಿದರೆ ಖಂಡಿತ. ಅವನಲ್ಲಿ ಅದು ನಲವತ್ಮೂರು ಸಲ. "ಶುರುವಾಗಿ ಆಗಿದೆ ಅಂದ್ರು ಡಾಕ್ಟ್ರು," ಎಂದ. ನಾನು ಕೂರಲಿಕ್ಕೆ ಹೇಳಿದೆ, ಕೂರಲಿಲ್ಲ. "ನನಗೆ ಬಂದದ್ದು ಬಿಡಿ. ಅವಳಿಗೆ ನಾನೇ ಕೊಟ್ಟಿರಬಹುದು ಅಲ್ವಾ? ಗೊತ್ತಿಲ್ಲದೆ ಕೊಟ್ಟಿದ್ದೇನೆ. ಈಗ ಗೊತ್ತುಂಟು, ಎಂತ ಮಾಡ್ಲಿಕ್ಕೂ ಆಗುವುದಿಲ್ಲ."

ಅವನು ಗೇಟಿನ ಹತ್ತಿರ ಹೋಗಿ ಚಪ್ಪಲಿ ಹಾಕಿಕೊಂಡು ಹೋದ.

ಮುಂದಿನ ಮೂರು ವಾರ ಅಂಗಡಿಯ ಶಟರು ತೆರೆಯಲಿಲ್ಲ. ಸುಗಂಧಿ ಮಳಿಗೆಗೆ ರಜೆ ಹಾಕಿ ಮನೆಯಲ್ಲೇ ಕೂತಳು. ಅವನು ಬಚ್ಚಲಿಗೆ ಹೋದರೂ ಹೊರಗೆ ನಿಂತಿರುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಕೆಲವೊಮ್ಮೆ ಎದ್ದು, ಅಮ್ಮನನ್ನು ಕಟ್ಟಿಹಾಕಬಾರದಿತ್ತು ಎಂದು ಹೇಳುತ್ತಿದ್ದನಂತೆ. ನಿರೀಕ್ಷಾ ಅವನ ಎದುರು ಬಂದರೆ ಮಾತ್ರ ಅವನಿಗೆ ಸಹಿಸಲಿಕ್ಕೆ ಆಗುತ್ತಿರಲಿಲ್ಲ. ಅವಳು ಲೋಟ ಹಿಡಿದರೂ, ಪೆನ್ನು ಹಿಡಿದರೂ ಅವನ ಕಣ್ಣು ಅವಳ ಬೆರಳಿನ ಮೇಲೆ. ಅವಳು ಒಂದು ದಿನ ತಡೆಯಲಾರದೆ, "ನನ್ನ ಕೈ ನೋಡ್ಬೇಡಿ ಪಪ್ಪ," ಎಂದು ಹೇಳಿ ಅಜ್ಜಿಮನೆಗೆ ಹೋಗಿ ನಾಲ್ಕು ದಿನ ಅಲ್ಲೇ ಇದ್ದಳು.

ಅಷ್ಟರಲ್ಲಿ ಮೊಯ್ದೀನಾಕ ಮನೆಗೆ ಬಂದರು. ನಾನೂ ಆ ದಿನ ಅಲ್ಲಿದ್ದೆ. ಅರುವತ್ತು ದಾಟಿದ ಮನುಷ್ಯ, ಬಿಳಿ ಮುಂಡು, ಗುಜರಿ ಎತ್ತಿ ಎತ್ತಿ ಬಗ್ಗಿದ ಬೆನ್ನು. ಯೋಗೀಶನ ಮಂಚದ ಪಕ್ಕ ಕುರ್ಚಿ ಎಳೆದು ಕೂತು, ಸುಖದುಃಖದ ಮಾತೇನೂ ಆಡದೆ ಕೇಳಿದರು, "ನನ್ನ ಮಾಲು ವಾಪಸ್ ಕೊಡ್ತೀಯಾ, ಅಲ್ಲ ನಡೆಸ್ತೀಯಾ?"

"ತಗೊಂಡು ಹೋಗಿ. ನನಗೆ ಬೇಡ."

"ಯಾಕೆ ಬೇಡ?"

"ಎರಡು ಸಾವಿರದ ಮುನ್ನೂರರಲ್ಲಿ ಅಣ್ಣನಿಗೆ ಅಂತ ಮೂವತ್ತೊಂದು. ಉಳಿದದ್ದೆಲ್ಲ ಯಾರ್ಯಾರದ್ದೋ ಕ್ಯಾನ್ಸರಿಗೆ ಹೋಯ್ತು ಮೊಯ್ದೀನಾಕ."

ಮುದುಕ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದರು. ಆಮೇಲೆ ಹೇಳಿದರು, "ನನ್ನ ಹೆಂಡತಿಗೆ, ನಬೀಸಾಗೆ, ಕ್ಯಾನ್ಸರ್ ಮಾರಾಯ. ಎದೆಯದ್ದು. ಎರಡು ವರ್ಷ ಆಯ್ತು. ನಾನು ಯಾರಿಗೂ ಹೇಳಿಲ್ಲ."

ಯೋಗೀಶ ಗೋಡೆಯಿಂದ ಈಚೆ ತಿರುಗಿದ. ಆಮೇಲೆ ನಿಧಾನಕ್ಕೆ ಎದ್ದು ಕೂತ.

"ನಿನ್ನ ಆ ಡಬ್ಬದಿಂದ ಅವಳಿಗೆ ಗುಣ ಆಗ್ತದೆ ಅಂತ ನಾನು ಎಣಿಸಿಲ್ಲ. ಅವಳು ಬರುವ ಪೆರ್ನಾಲ್ ಹಬ್ಬಕ್ಕೆ ಇದ್ದರೆ ಸಾಕು ಅಂತ ಇದ್ದೇನೆ. ಆದರೆ ನೀನು ಹೇಳಿದ್ದೆಯಲ್ಲ, ಕಾರ್ಡ್ ಹುಡುಕ್ಲಿಕ್ಕೆ ಬಂದಾಗ, ಆ ವಿಜ್ಞಾನಿಗಳು ಕ್ಯಾನ್ಸರಿಗೂ ಲೆಕ್ಕ ಹಾಕ್ತಾರೆ ಅಂತ. ಆ ದಿನದಿಂದ ಒಳ್ಳೆ ಕಾರ್ಡ್ ಬಂದ್ರೆ ನಾನು ಬೇರೆ ತೆಗೆದಿಡ್ತಾ ಇದ್ದೆ. ಇನ್ನೂ ನಾಲ್ಕು ಉಂಟು ನನ್ನ ಹತ್ರ." ಅವರು ಎದ್ದರು. "ಬೇಡ ಅಂದ್ರೆ ನಾಳೆ ಟೆಂಪೋ ಕಳಿಸ್ತೇನೆ."

ಟೆಂಪೋ ಬರಲಿಲ್ಲ. ಎರಡು ದಿನ ಬಿಟ್ಟು ಯೋಗೀಶ ಶಟರು ಎತ್ತಿದ. ತಿಂಗಳುಗಟ್ಟಲೆ ಆಫ್ ಇದ್ದ ಕಂಪ್ಯೂಟರುಗಳಿಗೆ ಮಳೆಗಾಲದ ಶೀತ ಹಿಡಿದು ನಾಲ್ಕು ಏಳಲೇ ಇಲ್ಲ. ಏಳು ಮಾತ್ರ ಎದ್ದವು. ಈ ಸಲ ಅವನು ರೋಗದ ಆಯ್ಕೆ ಹಾಕುವ ಜಾಗದಲ್ಲಿ 'ಯಾವುದಾದರೂ' ಎಂದು ಒತ್ತಿದ. ಸಂತೋಷದಿಂದ ಒತ್ತಿದ್ದಲ್ಲ. "ಬೇರೆ ಎಂತ ಮಾಡ್ಲಿ, ಹೇಳಿ," ಎಂದ ನನ್ನಲ್ಲಿ.

ನಬೀಸಾ ಪೆರ್ನಾಲಿನವರೆಗೆ ಇದ್ದರು, ಆಮೇಲೆ ಎರಡು ತಿಂಗಳು. ಮೊಯ್ದೀನಾಕ ಈಗಲೂ ಕಾರ್ಡು ತಂದುಕೊಡುತ್ತಾರೆ. ಅದನ್ನು ಸ್ಲಾಟಿಗೆ ಕೂರಿಸುವುದು ನಿರೀಕ್ಷಾ. ಯೋಗೀಶನಿಂದ ಈಗ ಅದು ಆಗುವುದಿಲ್ಲ. ಒಮ್ಮೆ ತಾನೇ ಹಾಕುತ್ತೇನೆಂದು ಹೋಗಿ ಸ್ಲಾಟನ್ನೇ ಮುರಿದ. ಆ ದಿನ ಅವನು ಅಂಗಡಿಯ ಹಿಂದೆ ಹೋಗಿ ನಿಂತು ಅತ್ತದ್ದನ್ನು ಕೋಳಿ ಅಂಗಡಿಯವರು ಕಂಡಿದ್ದಾರೆ. ರಿಪೇರಿ ಕೆಲಸ ಅರ್ಧಕ್ಕಿಂತ ಹೆಚ್ಚು ಬಿಟ್ಟುಹೋಗಿದೆ. ಮಾತು ಇನ್ನೂ ಸ್ಪಷ್ಟ ಉಂಟು. ನಡೆಯುವಾಗ ಎಡಗಾಲು ಸ್ವಲ್ಪ ತಪ್ಪುತ್ತದೆ. ಬಸ್ಸಿಗೆ ಹತ್ತುವಾಗ ಡಾಕ್ಟರ ಚೀಟಿಯನ್ನು ಕಿಸೆಯಲ್ಲಿಟ್ಟುಕೊಳ್ಳುತ್ತಾನೆ, ಯಾರಾದರೂ ಕುಡಿದಿದ್ದಾನೆ ಎಂದರೆ ತೋರಿಸಲಿಕ್ಕೆ.

ಕಳೆದ ವರ್ಷ ಡಾಕ್ಟರು ಬೆಂಗಳೂರಿನ ಒಂದು ಆಸ್ಪತ್ರೆಯ ವಿಷಯ ಹೇಳಿದರು. ಅಲ್ಲಿ ಈ ರೋಗ ಇರುವ ಕುಟುಂಬಗಳನ್ನು ವರ್ಷಗಟ್ಟಲೆ ನೋಡುತ್ತಾರೆ; ಆರು ತಿಂಗಳಿಗೊಮ್ಮೆ ರಕ್ತ ತೆಗೆದು, ನಡೆಸಿ, ಬರೆಸಿ, ಲೆಕ್ಕ ಇಡುತ್ತಾರೆ. ಹೋದವರಿಗೆ ಮದ್ದೇನೂ ಸಿಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತಾರೆ. ಯೋಗೀಶ ಹೆಸರು ಕೊಟ್ಟ. ಈವರೆಗೆ ಮೂರು ಸಲ ಹೋಗಿ ಬಂದಿದ್ದಾನೆ, ಮಂಗಳೂರು ಜಂಕ್ಷನ್ನಿನಿಂದ ಹಗಲಿನ ರೈಲಿನಲ್ಲಿ, ನಿರೀಕ್ಷಾಳ ಜೊತೆಗೆ. ಮೊದಲ ಸಲ ಅವರು ಐದು ನಿಮಿಷ ಒಂದೇ ಗೆರೆಯ ಮೇಲೆ ಪೆನ್ನು ಎಳೆಯಲು ಹೇಳಿದರಂತೆ. ಆ ಕಾಗದ ನೋಡಿ ತನಗೆ ನಾಚಿಕೆಯಾಯಿತು ಎಂದು ಹೇಳಿದ. ಮೂರನೆಯ ಸಲ ನಾಚಿಕೆಯಾಗಲಿಲ್ಲವಂತೆ.

ಹೋದ ಸಲ ಅಲ್ಲಿಯ ನರ್ಸು ನಿರೀಕ್ಷಾಳನ್ನು ಪಕ್ಕಕ್ಕೆ ಕರೆದು, ಇಷ್ಟವಿದ್ದರೆ ನೀನೂ ಪರೀಕ್ಷೆ ಮಾಡಿಸಿಕೊಳ್ಳಬಹುದು, ಒತ್ತಾಯವಿಲ್ಲ ಎಂದು ಒಂದು ಫಾರ್ಮ್ ಕೊಟ್ಟಿದ್ದಾರೆ. ಅವಳು ಅದನ್ನು ಅಪ್ಪನಿಗೆ ತೋರಿಸಿಲ್ಲ, ನನಗೆ ತೋರಿಸಿದಳು. ನಾಲ್ಕು ಪುಟ. ಮೊದಲ ಪುಟದಲ್ಲಿ ತನ್ನ ಹೆಸರು, ಊರು ಬರೆದು ಅಲ್ಲಿಗೇ ನಿಲ್ಲಿಸಿದ್ದಳು.

"ಎಂತ ಮಾಡ್ತಿ?" ಎಂದು ಕೇಳಿದೆ.

"ಗೊತ್ತಿಲ್ಲ ಟೀಚರ್," ಎಂದಳು. "ಎಕ್ಸಾಮ್ ಮುಗೀಲಿ."

ಎಕ್ಸಾಮ್ ಮುಗಿದು ಈಗ ಎರಡು ತಿಂಗಳಾಯಿತು.